ತನ್ನ ಮಾತನ್ನು ತಾನೇ ಕದ್ದ ಮುದುಕಿಯ ಬಗ್ಗೆ

ಸಂಶೋಧನಾ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ, ನಮಸ್ಕಾರವನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಅದು ಯಾರಿಗೆ ಸಲ್ಲಬೇಕು ಎಂಬುದು ಪತ್ರ ಮುಗಿಯುವ ಹೊತ್ತಿಗೆ ತೀರ್ಮಾನವಾಗಲಿ. ಮೊದಲು ವಿಷಯಕ್ಕೆ ಬರುತ್ತೇನೆ. ನಿಮ್ಮ ಮಂಡಳಿ ಎಂಬತ್ತು ದಾಟಿದ ಒಬ್ಬ ಹೆಂಗಸನ್ನು ಕಳ್ಳಿ ಎಂದು ತೀರ್ಮಾನಿಸಿದೆ. ಆಕೆ ಕದ್ದದ್ದು ಒಂದು ಮಾತನ್ನಂತೆ. ಆ ಮಾತು ಆಕೆಯದೇ. ತನ್ನ ಮಾತನ್ನು ತಾನೇ ಕದ್ದ ಅಪರಾಧಿಯನ್ನು ಪತ್ತೆ ಹಚ್ಚಿದ ಕೀರ್ತಿ ಜಗತ್ತಿನಲ್ಲಿ ಬೇರೆ ಯಾವ ವಿದ್ವತ್ ಸಂಸ್ಥೆಗೂ ಸಿಕ್ಕಿರಲಾರದು. ಅಭಿನಂದನೆಗಳು. ಆದೇಶದ ಕೆಳಗಿರುವ ಸಹಿ ನಿಮ್ಮದೇ ಆದ್ದರಿಂದ ಹಾರವೂ ನಿಮ್ಮ ಕೊರಳಿಗೇ ಬೀಳಬೇಕು.

ನಾನು ಕಾಲೇಜಿನಲ್ಲಿ ಪಾಠ ಹೇಳುವವಳು. ನಿಮ್ಮ ಮಂಡಳಿಗೆ ಒಂದು ಸಂಶೋಧನಾ ಪ್ರಬಂಧ ಸಲ್ಲಿಸಿದ ಅಭ್ಯರ್ಥಿ. ಆ ಮುದುಕಿ ನನಗೆ ದೊಡ್ಡಮ್ಮ. ರಕ್ತಸಂಬಂಧವಿಲ್ಲ. ನನ್ನ ಅಮ್ಮ ಆಕೆಯನ್ನು ಅಕ್ಕಾ ಎನ್ನುತ್ತಿದ್ದಳು, ಹಾಗಾಗಿ ನನಗೆ ದೊಡ್ಡಮ್ಮ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ನಾನು ಹಾಗೇ ಬರೆದಿದ್ದೆ. ನಿಮ್ಮ ತಜ್ಞರೊಬ್ಬರು ಅದರ ಕೆಳಗೆ ಗೆರೆ ಎಳೆದು ‘ಪೂರ್ವಗ್ರಹ’ ಎಂದು ಷರಾ ಬರೆದಿದ್ದಾರೆ. ಇರಲಿ. ಆಕೆ ಯಾರ ಮಾತು ಕದ್ದಳೆನ್ನುತ್ತೀರೋ ಆ ನಾಯಕರ ಭಾವಚಿತ್ರದ ಕೆಳಗೆ ಕೂತು ಅವರ ಬಗ್ಗೆ ತೀರ್ಪು ಕೊಡುವುದು ವಸ್ತುನಿಷ್ಠತೆ. ದೊಡ್ಡಮ್ಮನನ್ನು ದೊಡ್ಡಮ್ಮ ಎನ್ನುವುದು ಪೂರ್ವಗ್ರಹ. ತಿಳಿಯಿತು.

ದೊಡ್ಡಮ್ಮ ಕೆಲಸ ಮಾಡುತ್ತಿದ್ದದ್ದು ಹಬೆಯ ಲಾಂಡ್ರಿಯಲ್ಲಿ. ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೆ ಬರುತ್ತಿತ್ತು. ಒಗೆಯುವುದಕ್ಕೆ ಯಂತ್ರವಿತ್ತು, ಒದ್ದೆ ಬಟ್ಟೆಯನ್ನು ಒಣಗಿಸುವ ಕೋಣೆಗೆ ಹೊತ್ತು ಒಯ್ದು, ಬಿಸಿ ಕೊಳವೆಗಳ ಮೇಲೆ ಹರಡಿ, ಮಗುಚಿ, ತೆಗೆಯುವುದಕ್ಕೆ ಹೆಂಗಸರಿದ್ದರು. ಶಾಖ ಹೊರಗೆ ಹೋದರೆ ಬಟ್ಟೆ ಒಣಗುವುದು ತಡವಾಗುತ್ತದೆಂದು ಮೇಲ್ವಿಚಾರಕ ಆ ಕೋಣೆಗೆ ಹೊರಗಿನಿಂದ ಅಗುಳಿ ಹಾಕಿಸುತ್ತಿದ್ದ. ಒಳಗಿರುವವರು ಬಾಗಿಲು ತಟ್ಟಿದರೆ ಅವನಿಗೆ ಮನಸ್ಸು ಬಂದಾಗ ತೆಗೆಯಬೇಕು. ಒಂದು ದಿನ ಮನಸ್ಸು ಬರಲಿಲ್ಲ. ಒಳಗೆ ನನ್ನ ಅಮ್ಮ ಇದ್ದಳು, ಇನ್ನೂ ಐದಾರು ಜನ ಇದ್ದರು. ಹೊರಗೆ ಮಡಿಸುವ ಮೇಜಿನ ಹತ್ತಿರವಿದ್ದ ದೊಡ್ಡಮ್ಮನಿಗೆ ತಟ್ಟುವ ಸದ್ದು ಕೇಳುತ್ತಿತ್ತು. ಸದ್ದು ನಿಂತಾಗ ಆಕೆ ಕಬ್ಬಿಣದ ಸಲಾಕೆ ತಂದು ಅಗುಳಿ ಕಿತ್ತಳು. ನನ್ನ ಅಮ್ಮನನ್ನು ಒದ್ದೆ ಹಾಸಿನಲ್ಲೇ ಸುತ್ತಿ ಎಳೆದು ತಂದಳಂತೆ.

ಕೆಲಸ ನಿಂತಿತು. ಎಲ್ಲರೂ ಗೇಟಿನ ಹೊರಗೆ ಸೇರಿದರು. ದೊಡ್ಡಮ್ಮ ಬಟ್ಟೆ ಸಾಗಿಸುವ ತಳ್ಳುಗಾಡಿಯ ಮೇಲೆ ಹತ್ತಿದಳು. ಹಿಂದೆಂದೂ ನಾಲ್ಕು ಜನರೆದುರು ಬಾಯಿ ಬಿಟ್ಟವಳಲ್ಲ. ಏನು ಮಾತಾಡಬೇಕೆಂದು ಗೊತ್ತಿರಲಿಲ್ಲವಂತೆ, ಗಾಡಿ ಬೇರೆ ಅಲುಗಾಡುತ್ತಿತ್ತಂತೆ. ಆಗ ಆಕೆಯ ಬಾಯಿಂದ ಬಂದದ್ದು ಇಷ್ಟು:

“ನಾವು ಉಸಿರನ್ನ ಸಾಲ ಕೇಳ್ತಿಲ್ಲ. ನಮ್ಮದನ್ನೇ ವಾಪಸ್ ಕೇಳ್ತಿದೀವಿ. ಬಾಗಿಲು ತೆಗೀರಿ.”

ಎಲ್ಲೋ ಕೇಳಿದ ಹಾಗಿದೆಯಲ್ಲವೇ ಮಾನ್ಯರೇ? ಕೇಳದೆ ಏನು! ನಿಮ್ಮ ಮಂಡಳಿಯ ಕಟ್ಟಡದ ಪ್ರವೇಶದ್ವಾರದಲ್ಲಿ, ಚಪ್ಪಲಿ ಒರೆಸುವ ಚಾಪೆಗೆ ನೇರವಾಗಿ ಮೇಲೆ, ಹಿತ್ತಾಳೆಯ ಅಕ್ಷರಗಳಲ್ಲಿ ಅದನ್ನೇ ಕೂರಿಸಿದ್ದೀರಿ: ‘ನಾವು ಉಸಿರನ್ನು ಸಾಲ ಕೇಳುತ್ತಿಲ್ಲ, ನಮ್ಮದನ್ನೇ ಮರಳಿ ಕೇಳುತ್ತಿದ್ದೇವೆ.’ ಕೆಳಗೆ ನಾಯಕರ ಹೆಸರು. ‘ಬಾಗಿಲು ತೆಗೀರಿ’ ಎನ್ನುವ ಭಾಗವನ್ನು ಮಾತ್ರ ಬಿಟ್ಟಿದ್ದೀರಿ. ಕಚೇರಿಯ ಬಾಗಿಲ ಮೇಲೆ ಅದು ಮುಜುಗರವಾಗುತ್ತಿತ್ತೇನೋ.

ಆ ದಿನ ಗೇಟಿನ ಎದುರಿನ ಪಾದಚಾರಿ ದಾರಿಯಲ್ಲಿ ಒಬ್ಬ ಯುವ ವಕೀಲರು ನಿಂತಿದ್ದರು. ಮುಂದೆ ನಾಡೇ ನಾಯಕರು ಎಂದು ಕರೆದದ್ದು ಅವರನ್ನು. ಮಾತು ಕೇಳಿದರು, ಬೆರಗಾದರು, ಅದೇ ವಾರ ಪೇಟೆಯ ಚೌಕದ ಸಭೆಯಲ್ಲಿ ಆ ಮಾತನ್ನು ಹೇಳಿದರು. ಆಮೇಲೆ ಅವರೂ ಬೆಳೆದರು, ಮಾತೂ ಅವರ ಜೊತೆ ಬೆಳೆಯಿತು. ಶಾಸನಸಭೆಗೆ ಹೋಯಿತು, ಪಠ್ಯಪುಸ್ತಕಕ್ಕೆ ಹೋಯಿತು, ಹಿತ್ತಾಳೆಯಾಯಿತು. ದೊಡ್ಡಮ್ಮ ಲಾಂಡ್ರಿಯಲ್ಲೇ ಉಳಿದು ಮುದುಕಿಯಾದಳು. ಒಣಗಿಸುವ ಕೋಣೆಗೆ ಒಳಗಿನಿಂದಲೂ ತೆಗೆಯಬಹುದಾದ ಅಗುಳಿ ಬಂತು. ಅದೇ ಆಕೆಗೆ ಸಿಕ್ಕ ಸ್ಮಾರಕ.

ನಾಯಕರು ಮಾತನ್ನು ಎಲ್ಲಿಂದ ತರುತ್ತಾರೆ? ನನ್ನ ಪ್ರಬಂಧದ ಪ್ರಶ್ನೆ ಇಷ್ಟೇ. ಅದಕ್ಕೆ ಉತ್ತರ ಹುಡುಕಲು ಇತಿಹಾಸ ಬೇಕು, ರಾಜಕೀಯ ಬೇಕು, ಸಾಹಿತ್ಯ ಬೇಕು, ನಾಯಕತ್ವ ಎಂದರೇನು ಎಂಬ ವಿಚಾರವೂ ಬೇಕು. ನಿಮ್ಮ ಸಭಾಂಗಣದಲ್ಲಿ ‘ಜ್ಞಾನಶಿಸ್ತುಗಳ ಗೋಡೆ ಒಡೆಯೋಣ’ ಎಂಬ ದೊಡ್ಡ ಬ್ಯಾನರ್ ನೋಡಿ, ಸರಿ, ಇದೇ ನನ್ನ ಜಾಗ ಎಂದು ನಂಬಿ ಬಂದೆ. ಗೋಡೆ ಒಡೆಯುವ ಮಾತು ಹಾಗಿರಲಿ, ಒಂದು ಕೋಣೆಯಿಂದ ಇನ್ನೊಂದಕ್ಕೆ ಅಲೆದು ನನ್ನ ಚಪ್ಪಲಿ ಸವೆಯಿತು. ಇತಿಹಾಸ ವಿಭಾಗದವರು “ಇದರಲ್ಲಿ ಭಾಷೆ ಜಾಸ್ತಿಯಾಯ್ತು, ಸಾಹಿತ್ಯದವರನ್ನ ಕೇಳಿ” ಎಂದರು. ಸಾಹಿತ್ಯದವರು ಮೂಗು ಮುರಿದು “ಭಾಷಣ ಸಾಹಿತ್ಯ ಹೇಗಾಗುತ್ತೆ?” ಎಂದರು. ರಾಜ್ಯಶಾಸ್ತ್ರದವರು “ಈಕೆ ಯಾವ ಚುನಾವಣೆಗೂ ನಿಂತಿಲ್ವಲ್ಲ!” ಎಂದು ನನ್ನ ಮೇಲೆ ಕನಿಕರಪಟ್ಟರು. ಕೊನೆಗೆ ಗಾಜಿನ ಬಾಗಿಲು, ಪ್ಲಾಸ್ಟಿಕ್ ಗಿಡಗಳಿರುವ ನಿಮ್ಮ ಹೊಸ ನಾಯಕತ್ವ ಅಧ್ಯಯನ ಕೇಂದ್ರಕ್ಕೆ ಹೋದೆ. ಅಲ್ಲಿಯ ನಿರ್ದೇಶಕರು ಬಹಳ ಉತ್ಸಾಹದಿಂದ, ಈಕೆಯ ಬದುಕಿನಿಂದ ಯಶಸ್ಸಿನ ಐದು ಸೂತ್ರ ತೆಗೆಯಲು ಸಾಧ್ಯವೇ ಎಂದು ಕೇಳಿದರು. ಆಕೆ ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲಾಗದೆ ಕೆಳಮನೆಯ ಒಂದೇ ಕೋಣೆಯಲ್ಲಿ ಇದ್ದಾಳೆ, ಯಶಸ್ಸು ಎಲ್ಲಿಂದ ಶುರುಮಾಡಲಿ ಎಂದೆ. ಅವರ ಉತ್ಸಾಹ ಇಳಿದುಹೋಯಿತು.

ಹೇಗೋ ಸಾಹಿತ್ಯದವರೇ ನನ್ನನ್ನು ಸೇರಿಸಿಕೊಂಡರು. ವರ್ಷಗಟ್ಟಲೆ ದುಡಿದು ಪ್ರಬಂಧ ಮುಗಿಸಿದೆ. ಆಗ ಬಂತು ಕೃತಿಚೌರ್ಯ ಹಿಡಿಯುವ ನಿಮ್ಮ ಯಂತ್ರ.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಈ ವಾಕ್ಯ ಆ ಪುಸ್ತಕದ ವಾಕ್ಯದ ಹಾಗಿದೆ ಎಂದಷ್ಟೇ ಅದು ಹೇಳುತ್ತದೆ. ಕೆಂಪು ಬಣ್ಣ ಬಳಿದು ಸುಮ್ಮನಾಗುತ್ತದೆ. ದೊಡ್ಡಮ್ಮನ ಸಂದರ್ಶನದ ಅಧ್ಯಾಯವೆಲ್ಲ ಕೆಂಪಾಯಿತು. ಮೂರು ಕಡೆ, ನಾಲ್ಕು ಕಡೆ ಆಕೆಯ ಮಾತು ನಾಯಕರ ‘ಸಮಗ್ರ ಭಾಷಣಗಳು’ ಪುಸ್ತಕದ ಮಾತಿನೊಡನೆ ತಾಳೆಯಾಯಿತು. ಆಗಬೇಕಾದದ್ದೇ! ಅದೇ ನನ್ನ ವಾದ! ಇಬ್ಬರ ಮಾತೂ ಒಂದೇ ಎಂದು ತೋರಿಸಲು ನಾನು ಕಷ್ಟಪಟ್ಟು ಬರೆದ ಅಧ್ಯಾಯವನ್ನು, ಇಬ್ಬರ ಮಾತೂ ಒಂದೇ ಆಗಿದೆ ಎಂಬ ಕಾರಣಕ್ಕೆ ನೀವು ತಿರಸ್ಕರಿಸಿದಿರಿ. ಯಾರು ಮೊದಲು ಹೇಳಿದರು ಎಂದು ಕಂಡುಹಿಡಿಯುವುದು ಯಂತ್ರದ ಕೆಲಸವಲ್ಲ, ಸಂಶೋಧಕರ ಕೆಲಸ. ಅದಕ್ಕೇ ತಾನೇ ನಿಮಗೆ ಮಂಡಳಿ, ಕುರ್ಚಿ, ಮೇಜಿನ ಮೇಲೆ ಬಾಟಲಿ ನೀರು?

ವಿಚಾರಣೆಗೆ ಕರೆದಿರಿ. ಮೂವರು ತಜ್ಞರು, ನಡುವೆ ನೀವು. ಅಂದಿನ ಮಾತುಕತೆಯನ್ನು ಈ ಬಹಿರಂಗ ಪತ್ರದ ಓದುಗರಿಗಾಗಿ ಇದ್ದದ್ದು ಇದ್ದಹಾಗೆ ಬರೆಯುತ್ತೇನೆ.

“ಈ ವಾಕ್ಯ ನಾಯಕರದ್ದಲ್ವೇನಮ್ಮಾ?” ಎಂದರು ನಿಮ್ಮ ಬಲಗಡೆ ಕೂತವರು.

“ಅಲ್ಲ ಸಾರ್. ಅವರು ಇವರಿಂದ ತಗೊಂಡಿದ್ದು.”

“ಅದಕ್ಕೆ ಆಧಾರ?”

“ಅವತ್ತು ಗೇಟಿನ ಹತ್ರ ಇದ್ದ ಹೆಂಗಸರು ಇನ್ನೂ ಕೆಲವರು ಇದ್ದಾರೆ. ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಬೇರೆ ಬೇರೆ ಕೂರಿಸಿ ಮಾತಾಡಿಸಿದೀನಿ. ಎಲ್ಲರೂ ಅದನ್ನೇ ಹೇಳಿದಾರೆ.”

“ಅದೆಲ್ಲ ಬಾಯಿಮಾತು.”

“ಭಾಷಣಾನೂ ಬಾಯಿಮಾತೇ ಅಲ್ವಾ ಸಾರ್?”

ನೀವು ಆಗ ಕನ್ನಡಕ ತೆಗೆದು ಒರೆಸಿಕೊಂಡಿರಿ. “ಉದ್ಧಟತನ ಬೇಡ. ಮುದ್ರಿತ ಆಧಾರ ತನ್ನಿ” ಎಂದಿರಿ.

ತಂದುಕೊಟ್ಟೆ, ಮಾನ್ಯರೇ. ನಾಯಕರ ಚೌಕದ ಭಾಷಣವನ್ನು ಕಾರ್ಮಿಕ ಸಂಘದವರು ಆಗಲೇ ಕರಪತ್ರವಾಗಿ ಅಚ್ಚು ಹಾಕಿಸಿದ್ದರು. ಅದರ ಒಂದು ಪ್ರತಿ ಸಾರ್ವಜನಿಕ ಗ್ರಂಥಾಲಯದಲ್ಲಿ ಇದೆ. ಗುಟ್ಟಾಗಿಯೇನೂ ಇಲ್ಲ, ಯಾರು ಕೇಳಿದರೂ ತೆಗೆದುಕೊಡುತ್ತಾರೆ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅಷ್ಟೆ. ಅದರಲ್ಲಿ ನಾಯಕರ ಮಾತು ಹೀಗಿದೆ: ‘ಲಾಂಡ್ರಿ ಗೇಟಿನ ನಮ್ಮ ಅಕ್ಕ ಹೇಳಿದ ಹಾಗೆ, ನಾವು ಉಸಿರನ್ನು ಸಾಲ ಕೇಳುತ್ತಿಲ್ಲ...’

ನಮ್ಮ ಅಕ್ಕ ಹೇಳಿದ ಹಾಗೆ! ನಾಯಕರು ಕದ್ದಿರಲಿಲ್ಲ ಮಾನ್ಯರೇ. ಸಾವಿರಾರು ಜನರೆದುರು, ಇದು ನನ್ನ ಮಾತಲ್ಲ, ಇಂಥವಳದು ಎಂದು ಬಾಯಿ ತುಂಬ ಹೇಳಿಯೇ ತೆಗೆದುಕೊಂಡಿದ್ದರು. ದೊಡ್ಡಮ್ಮನಿಗೂ ಅವರ ಮೇಲೆ ಎಳ್ಳಷ್ಟು ಬೇಸರವಿರಲಿಲ್ಲ. “ಅವನು ಒಳ್ಳೆಯವನು ಕಣೇ, ಕೇಳಿ ಇಸ್ಕೊಂಡ” ಎನ್ನುತ್ತಿದ್ದಳು, ಪಕ್ಕದ ಮನೆಯವನು ಏಣಿ ಇಸ್ಕೊಂಡು ಹೋದ ಹಾಗೆ. ಹಾಗಾದರೆ ‘ಸಮಗ್ರ ಭಾಷಣಗಳು’ ಪುಸ್ತಕದಲ್ಲಿ ಆ ನಾಲ್ಕು ಪದ ಎಲ್ಲಿ ಹೋಯಿತು? ಅದೇ ಪುಸ್ತಕದ ಸಂಪಾದಕೀಯದಲ್ಲಿ ಉತ್ತರವಿದೆ: ‘ಓದಿನ ಓಟಕ್ಕೆ ಅಡ್ಡಿಯಾಗುವ ಸ್ಥಳೀಯ ಉಲ್ಲೇಖಗಳನ್ನು ಕೈಬಿಡಲಾಗಿದೆ.’ ಸಂಪಾದಕರು ಯಾರು? ನೀವು.

ದುರುದ್ದೇಶವಿತ್ತು ಎಂದು ನಾನು ಹೇಳುವುದಿಲ್ಲ. ದುರುದ್ದೇಶಕ್ಕೂ ಒಂದಿಷ್ಟು ಗಮನ ಬೇಕು. ನೀವು ಗಮನವನ್ನೇ ಕೊಟ್ಟಿರಲಿಲ್ಲ. ಮೇಜಿನ ಮುಂದೆ ಕೂತು, ಕೆಂಪು ಪೆನ್ನು ಹಿಡಿದು, ವಾಕ್ಯ ಚೆನ್ನಾಗಿದೆ, ಈ ಅಕ್ಕ ಯಾರಪ್ಪ ನಡುವೆ ಎಂದು ಅಡ್ಡಗೆರೆ ಎಳೆದಿರಿ. ನಿಮ್ಮಂಥ ಓದಿದವರು ಮಾತ್ರ ಮಾಡಬಹುದಾದ ತಪ್ಪು ಅದು. ಬಟ್ಟೆ ಒಗೆಯುವವರು ಕಲೆ ತೆಗೆಯುತ್ತಾರೆ, ಅದರ ಜೊತೆ ಬಟ್ಟೆಯ ಒಡೆಯರ ಗುರುತನ್ನೂ ಅಳಿಸಿಬಿಡುವುದಿಲ್ಲ. ಒಂದೇ ಗೆರೆಯಿಂದ ನೀವು ಇಬ್ಬರನ್ನು ಕಳ್ಳರನ್ನಾಗಿ ಮಾಡಿದಿರಿ: ಮೊದಲು ನಾಯಕರನ್ನು, ಈಗ ದೊಡ್ಡಮ್ಮನನ್ನು.

ಕರಪತ್ರಕ್ಕೆ ನೀವು ಕೊಟ್ಟ ಲಿಖಿತ ಉತ್ತರವನ್ನು ನಾನು ಫ್ರೇಮು ಹಾಕಿಸಿ ಇಡಬೇಕು. ‘ಕರಪತ್ರವು ಅಧಿಕೃತ ಪಠ್ಯವಲ್ಲ. ಮಂಡಳಿಯು ಪ್ರಕಟಿಸಿದ ಸಮಗ್ರ ಸಂಪುಟವೇ ಅಧಿಕೃತ ಪಠ್ಯವೆಂದು ಮಂಡಳಿಯು ಅಭಿಪ್ರಾಯಪಡುತ್ತದೆ.’ ಅಂದರೆ ನೀವು ಅಳಿಸಿದ್ದು ಅಲ್ಲಿ ಇರಲೇ ಇಲ್ಲ, ಯಾಕೆಂದರೆ ನೀವು ಅಳಿಸಿದ್ದೀರಿ. ಇದಕ್ಕೆ ಏನನ್ನಬೇಕು? ಭಾಷಣದ ಹತ್ತಿರದ ಸಾಕ್ಷಿಯನ್ನು ಬಿಟ್ಟು ನಲವತ್ತು ವರ್ಷದ ನಂತರದ ಪರಿಷ್ಕಾರವನ್ನು ನಂಬಬೇಕು ಎಂದು ನನ್ನ ವಿದ್ಯಾರ್ಥಿ ಬರೆದರೆ ನಾನು ಅವನನ್ನು ಪಾಸು ಮಾಡುವುದಿಲ್ಲ. ನಿಮ್ಮನ್ನು ಅಧ್ಯಕ್ಷರನ್ನಾಗಿ ಮಾಡಿದ್ದಾರೆ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಪದವಿ ಇಲ್ಲದೆಯೂ ನಾನು ಪಾಠ ಹೇಳುತ್ತೇನೆ, ಊಟ ಮಾಡುತ್ತೇನೆ, ಗಂಡನ ಜೊತೆ ಜಗಳವಾಡುತ್ತೇನೆ. ಆದರೆ ನಿಮ್ಮ ಕಚೇರಿ ದೊಡ್ಡಮ್ಮನಿಗೇ ನೇರವಾಗಿ ಒಂದು ನೋಟಿಸು ಕಳಿಸಿತು. ‘ಮಾಹಿತಿದಾರರಾದ ತಾವು ನೀಡಿದ ಹೇಳಿಕೆಗಳು ಪ್ರಕಟಿತ ಕೃತಿಯಿಂದ ಎತ್ತಿಕೊಂಡವು ಎಂದು ಕಂಡುಬಂದಿದ್ದು, ಈ ಬಗ್ಗೆ ಸ್ಪಷ್ಟೀಕರಣ ನೀಡತಕ್ಕದ್ದು.’ ಆಕೆಯ ಸೊಸೆ ಅದನ್ನು ಗಟ್ಟಿಯಾಗಿ ಓದಿ ಹೇಳಿದಳಂತೆ. ಆ ಹುಡುಗಿಯ ತಪ್ಪಿಲ್ಲ. ಸರ್ಕಾರಿ ಮುದ್ರೆ ನೋಡಿ ಹೆದರಿಕೊಂಡಿದ್ದಾಳೆ.

ನಾನು ಹೋದಾಗ ದೊಡ್ಡಮ್ಮ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದಳು. ಮೊಣಕಾಲಿನ ಮೇಲೆ ಟವೆಲ್ಲು ಇಟ್ಟುಕೊಂಡು ಮಡಿಸುವುದು, ಬಿಚ್ಚುವುದು, ಮತ್ತೆ ಅಂಚಿಗೆ ಅಂಚು ಕೂಡಿಸಿ ಮಡಿಸುವುದು. ಆಕೆಯ ಕೈಗೆ ಅದು ಬಿಟ್ಟುಹೋಗದ ಅಭ್ಯಾಸ. ಇತ್ತೀಚೆಗೆ ಆಕೆಗೆ ಮರೆವು. ಮಧ್ಯಾಹ್ನದ ಮೇಲೆ ಮಾತು ತಡವರಿಸುತ್ತದೆ, ಸೊಸೆಯನ್ನು ನನ್ನ ಅಮ್ಮನ ಹೆಸರಿನಿಂದ ಕರೆಯುತ್ತಾಳೆ. ಎಷ್ಟು ಮರೆತರೂ ಗೇಟಿನ ಮಾತೊಂದನ್ನು ಮರೆತಿರಲಿಲ್ಲ. ಯಾರು ಬಂದರೂ ಹೇಳುತ್ತಿದ್ದಳು. ಹಾಲು ಹಾಕುವವನಿಗೂ ಹೇಳುತ್ತಿದ್ದಳು, ಅವನು “ಆಯ್ತಜ್ಜಿ, ಬಾಗಿಲು ತೆಗ್ದೇ ಇದೆ” ಎಂದು ನಗಿಸುತ್ತಿದ್ದ.

ಅವತ್ತು ನಾನು ಕೂತ ಮೇಲೆ ಕೇಳಿದಳು. “ಅಲ್ವೇ, ನಾನು ಅವನ ಬಾಯಿಂದ ಕೇಳಿ ಹೇಳಿದ್ದೇನೇ?”

“ಇಲ್ಲ ದೊಡ್ಡಮ್ಮಾ. ನೀನೇ ಮೊದಲು ಹೇಳಿದ್ದು.”

“ದೊಡ್ಡ ಆಫೀಸಿನವರು ಸುಮ್ನೆ ಬರೀತಾರಾ? ಓದಿದೋರು. ನಂಗೆ ಈಗೀಗ ಎಲ್ಲಾ ಕಲಸಿ ಹೋಗುತ್ತೆ. ಇದನ್ನೂ ನಾನೇ ಎಲ್ಲೋ ಕೇಳಿ, ನಂದು ಅಂದ್ಕೊಂಡಿದ್ನೋ ಏನೋ.” ಟವೆಲ್ಲು ಬಿಚ್ಚಿದಳು. “ಅವನು ಒಳ್ಳೆಯವನು. ಅವನ ಮಾತು ನಾನು ತಗೊಂಡಿದ್ರೆ ತಪ್ಪು. ವಾಪಸ್ ಕೊಟ್ಟುಬಿಟ್ಟೆ ಅಂತ ಹೇಳು ಅವರಿಗೆ.”

ನನಗೆ ಅಲ್ಲೇ ಕೂತು ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಮೈ ಉರಿಯಿತು. ಸಲಾಕೆ ಹಿಡಿದು ಅಗುಳಿ ಕಿತ್ತವಳು, ಮಾಲೀಕರೆದುರು ಒಂದು ಹೆಜ್ಜೆ ಹಿಂದೆ ಸರಿಯದವಳು, ನಿಮ್ಮ ಒಂದು ಕಾಗದಕ್ಕೆ ತಲೆ ತಗ್ಗಿಸಿದ್ದಳು. ಲಾಂಡ್ರಿ ಗೇಟಿಗೆ ಬಂದ ಪೊಲೀಸರು ಮಾಡಲಾಗದ್ದನ್ನು ನಿಮ್ಮ ಮಂಡಳಿ ಮಾಡಿ ತೋರಿಸಿತು. ಅಂದಿನಿಂದ ಆಕೆ ಆ ಮಾತನ್ನು ಹೇಳಿಲ್ಲ. ಹಾಲಿನವನು ತಾನಾಗಿಯೇ ಕೆಣಕಿ ನೋಡಿದ. ಟವೆಲ್ಲು ಬಿಚ್ಚಿ ಮತ್ತೆ ಮಡಿಸಿದಳಂತೆ.

ಇದಾದ ಮೇಲೂ ನಿಮ್ಮ ತಜ್ಞರಲ್ಲೊಬ್ಬರು ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, ಬಹಳ ಕಾಳಜಿಯಿಂದ ಉಪಾಯ ಹೇಳಿಕೊಟ್ಟರು. “ಒಂದು ಸಾಲು ತಾನೇ? ‘ನಾಯಕರ ಮಾತನ್ನು ಜನರ ನಡುವೆ ಹರಡಿದ ಕಾರ್ಮಿಕ ಮಹಿಳೆ’ ಅಂತ ತಿದ್ದಿಬಿಡಿ. ಅವರಿಗೂ ಗೌರವ, ನಿಮಗೂ ಪದವಿ. ಯಾಕೆ ತಲೆ ಚಚ್ಕೊಳ್ತೀರಿ?” ಮನೆಯಲ್ಲಿ ನನ್ನ ಗಂಡ ಕೂಡ, “ಲೋಕ ಉದ್ಧಾರ ಮಾಡೋದಿದ್ರೆ ಪದವಿ ತಗೊಂಡು ಮಾಡು” ಎಂದು ರೇಗಿಸಿದರು. ಆ ಸಾಲನ್ನು ತಿದ್ದುವುದು ಎಂದರೆ ದೊಡ್ಡಮ್ಮನ ಅನುಮಾನಕ್ಕೆ ನಾನೇ ಮುದ್ರೆ ಒತ್ತಿದ ಹಾಗೆ. ನನ್ನ ಅಮ್ಮನನ್ನು ಹೊರಗೆ ಎಳೆದು ತಂದ ಕೈಯನ್ನು ನಾನು ಹಾಗೆ ಬಿಡಲೇ?

ನೀವು ನಾಯಕತ್ವದ ಬಗ್ಗೆ ವಿಚಾರ ಸಂಕಿರಣ ನಡೆಸುತ್ತೀರಿ. ನನ್ನ ಪ್ರಬಂಧದ ಕೊನೆಯ ಅಧ್ಯಾಯವನ್ನು ಯಾರಾದರೂ ಓದಿದ್ದರೆ ಅಲ್ಲೊಂದು ಮಾತು ಸಿಗುತ್ತಿತ್ತು: ನಾಯಕರು ದೊಡ್ಡವರಾಗಿದ್ದು ಆ ವಾಕ್ಯದಿಂದಲ್ಲ, ಅದರ ಹಿಂದಿನ ನಾಲ್ಕು ಪದಗಳಿಂದ. ಇದು ಬೇರೆಯವರ ಮಾತು ಎಂದು ಹೇಳುವ ಧೈರ್ಯದಿಂದ. ಅದನ್ನೇ ನೀವು ಓಟಕ್ಕೆ ಅಡ್ಡಿ ಎಂದು ಕಿತ್ತುಹಾಕಿದಿರಿ. ನಿಮ್ಮ ಗೋಡೆಯ ಮೇಲೆ ಹೊಳೆಯುತ್ತಿರುವುದು ನಾಯಕರೂ ಅಲ್ಲ, ದೊಡ್ಡಮ್ಮನೂ ಅಲ್ಲ. ನಿಮ್ಮ ಸಂಪಾದನೆ.

ಹೋದ ವಾರ ಕರಪತ್ರದ ಜೆರಾಕ್ಸ್ ಹಿಡಿದು ಮತ್ತೆ ದೊಡ್ಡಮ್ಮನ ಹತ್ತಿರ ಹೋದೆ. ಕಾಲೇಜು ಮುಗಿಸಿ ಹೋಗುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಪಕ್ಕದಲ್ಲಿ ಕೂತು ನಿಧಾನವಾಗಿ ಓದಿದೆ, ‘ಲಾಂಡ್ರಿ ಗೇಟಿನ ನಮ್ಮ ಅಕ್ಕ ಹೇಳಿದ ಹಾಗೆ’ ಎನ್ನುವಲ್ಲಿಂದ. ಟವೆಲ್ಲು ಮಡಿಸುವುದನ್ನು ನಿಲ್ಲಿಸಿ ಕೇಳಿದಳು. ಪೂರ್ತಿ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, “ಯಾರೇ ಆ ಅಕ್ಕ?” ಎಂದಳು.

ಜೆರಾಕ್ಸಿನ ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದೆ.

“ಯಾರೋ ಏನೋ. ಚೆನ್ನಾಗಿ ಹೇಳಿದಾಳೆ” ಎಂದಳು ದೊಡ್ಡಮ್ಮ.

ಮಾನ್ಯರೇ, ನನ್ನ ಬೇಡಿಕೆ ಪದವಿಯಲ್ಲ. ಅದನ್ನು ನಿಮ್ಮ ಪ್ಲಾಸ್ಟಿಕ್ ಗಿಡದ ಕುಂಡದಲ್ಲಿ ನೆಟ್ಟುಕೊಳ್ಳಿ. ನೋಟಿಸು ವಾಪಸ್ ತೆಗೆದುಕೊಳ್ಳಬೇಕು. ಸಂಪುಟದಲ್ಲೂ ಗೋಡೆಯ ಮೇಲೂ ಆ ನಾಲ್ಕು ಪದ ಮರಳಿ ಬರಬೇಕು. ಹಿತ್ತಾಳೆ ಸಿಗದಿದ್ದರೆ ಸೀಮೆಸುಣ್ಣದಲ್ಲಿ ನಾನೇ ಬಂದು ಬರೆಯುತ್ತೇನೆ. ಇವೆಲ್ಲಕ್ಕೂ ಉಪಸಮಿತಿ ಬೇಕು, ಸಭೆ ಬೇಕು, ಗೊತ್ತಿದೆ. ಮಾಡಿಕೊಳ್ಳಿ. ಆದರೆ ಒಂದು ಕೆಲಸಕ್ಕೆ ಸಮಿತಿ ಬೇಡ, ಕಾಯಲು ಸಮಯವೂ ಇಲ್ಲ. ನೀವೇ ಬರಬೇಕು. ಆಕೆ ಓದಿದವರ ಮಾತನ್ನು ಮಾತ್ರ ನಂಬುತ್ತಾಳೆ. ನಾನು ಆಕೆಗೆ ಇನ್ನೂ ಲಾಂಡ್ರಿಯವಳ ಮಗಳು. ಆಕೆಯ ಮಂಚದ ಪಕ್ಕ ಒಂದು ಸ್ಟೂಲಿದೆ, ಕೂರಬಹುದು. ಕೂತು, ನಿಮ್ಮ ಬಾಯಿಯಿಂದ, ‘ಆ ಅಕ್ಕ ನೀವೇ’ ಎಂದು ಆಕೆಗೆ ಹೇಳಬೇಕು. ನನ್ನ ಹತ್ತಿರ ಉಳಿದಿರುವ ನಮಸ್ಕಾರವನ್ನು ಅವತ್ತು ಕೊಡುತ್ತೇನೆ, ಒಯ್ದು ಆಕೆಗೆ ಮಾಡಿ.

ಬೆಳಗಿನ ಹೊತ್ತು ಬನ್ನಿ. ಬೆಳಿಗ್ಗೆ ಆಕೆಗೆ ಇನ್ನೂ ಎಲ್ಲ ತಿಳಿಯುತ್ತದೆ. ಬಾಗಿಲು ತೆರೆದೇ ಇರುತ್ತದೆ.

ಇಂತಿ,
ನಿಮ್ಮ ಕಡತದಲ್ಲಿ ಕೃತಿಚೌರ್ಯದ ಆರೋಪಿ,
ಆ ಕೋಣೆಯಿಂದ ಉಸಿರು ಹಿಡಿದು ಹೊರಬಂದವಳ ಮಗಳು